ಮಗು ನೋಡಲು ಬರುವ ಮಹನೀಯರಿಗೆ ಬಾಣಂತಿಯ ಬಿನ್ನಹ

ಮಗು ನೋಡಲು ಬಂದ, ಬರುತ್ತಿರುವ ಹಾಗೂ ಬರಲಿರುವ ಸಮಸ್ತ ಬಂಧುಬಾಂಧವರಿಗೆ,

ವಿಷಯ: ಬಾಣಂತಿಗೂ ಮನಸ್ಸೊಂದಿದೆ ಎಂಬುದನ್ನು ತಮ್ಮ ಅವಗಾಹನೆಗೆ ತರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನಡೆಸಿದ ತಪಾಸಣೆಗೆ ನಾನು ಚಿರಋಣಿ. ಮೂಗು ಯಾರ ಕಡೆಯದು, ಈ ಬಣ್ಣ ನಿಲ್ಲುತ್ತದೋ ಇಲ್ಲವೋ, ನಾರ್ಮಲ್ಲೋ ಸಿಜೇರಿಯನ್ನೋ, ಹಾಲು ಸಾಲುತ್ತಿದೆಯೋ ಎಲ್ಲವನ್ನೂ ವಿಚಾರಿಸಿದಿರಿ. ಹೆಣ್ಣು ಎಂದು ತಿಳಿದೊಡನೆ "ಹೋಗ್ಲಿ ಬಿಡು, ಲಕ್ಷ್ಮಿ ಬಂದ್ಳು" ಎಂದಿರಿ. ನಾನು ಬೇಜಾರೇ ಮಾಡಿಕೊಂಡಿರಲಿಲ್ಲ. ಸಮಾಧಾನ ಮುಂಗಡವಾಗಿಯೇ ಬಂತು.

ನನ್ನ ದೇಹದ ಆರೈಕೆಗೂ ಕೊರತೆಯಿಲ್ಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಊಟಕ್ಕೆ ಮೆಣಸಿನ ಸಾರು, ಸಂಜೆಗೆ ಸಾಂಬ್ರಾಣಿ ಹೊಗೆ. ಶೀತ ನುಗ್ಗಬಹುದಾದ ಸಕಲ ದ್ವಾರಗಳೂ ಬಂದ್. ದುಃಖ ಬರುವ ದಾರಿಗೆ ಮಾತ್ರ ಯಾರೂ ಕಾವಲಿಟ್ಟಿರಲಿಲ್ಲ. ಸುಮ್ಮಸುಮ್ಮನೆ ಅಳು ಬಂದಾಗ ತಮ್ಮ ರೋಗನಿರ್ಣಯ ಸಿದ್ಧವಿತ್ತು: ಒಂದೋ ದೃಷ್ಟಿ, ಇಲ್ಲವೇ ಸೊಕ್ಕು. ಎರಡಕ್ಕೂ ಮದ್ದು, "ನಾವೇನು ಹೆತ್ತಿಲ್ವಾ?"

ಹೆರಿಗೆಯಾದ ಮೊದಲೆರಡು ವಾರ ಅಳು ಉಕ್ಕುವುದು ಸಹಜವಂತೆ. ಆಮೇಲೂ ಮನಸ್ಸು ಕುಗ್ಗಿಯೇ ಇದ್ದರೆ ಅದು ಖಿನ್ನತೆಯಿರಬಹುದು. ನಮ್ಮ ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ನೂರು ಬಾಣಂತಿಯರಲ್ಲಿ 22 ಮಂದಿಗೆ ಈ ಖಿನ್ನತೆ. ಇಷ್ಟೊಂದು ಜನಕ್ಕೆ ಒಟ್ಟಿಗೇ ಸೊಕ್ಕು ಬರುವುದು ಕಷ್ಟ.

ಈ ಖಿನ್ನತೆಯನ್ನು ಪತ್ತೆಹಚ್ಚಲು 1987ರಲ್ಲೇ ಎಡಿನ್‌ಬರೋ ಪ್ರಶ್ನಾವಳಿ ಬಂದಿದೆ, ಕನ್ನಡದಲ್ಲೂ ಇದೆ. ಇರುವುದು 10 ಪ್ರಶ್ನೆ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ದುಃಖದಿಂದ ನಿದ್ದೆ ಕೆಟ್ಟಿತೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತೇ ಎಂದೆಲ್ಲ ಕೇಳುತ್ತದೆ. ಮೂಗಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ತಮ್ಮ ಅನುಭವದ ಮುಂದೆ ತೀರಾ ಬಡ ಪ್ರಶ್ನಾವಳಿ!

"ಮನಸ್ಸಿನ ಡಾಕ್ಟರ ಹತ್ರ ಹೋದ್ರೆ ಮಗು ಕಿತ್ಕೋತಾರೆ" ಎಂಬ ಹಿತವಚನವನ್ನು ದಯಮಾಡಿ ವಾಪಸು ಪಡೆಯಿರಿ. ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ನೀಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ಶುರುವಾಗಿದೆ. ದಾಖಲಾದ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ.

ನನ್ನ ಯಜಮಾನರು ಒಮ್ಮೆ ಮಗುವಿನ ಬಟ್ಟೆ ಬದಲಿಸಿದ್ದಕ್ಕೆ "ಪುಣ್ಯ ಮಾಡಿದ್ದೀಯ ಕಣೇ" ಎಂದು ನನ್ನನ್ನು ಅಭಿನಂದಿಸಿದಿರಿ. ಅವರಿಗೂ ರಾತ್ರಿ ಪಾಳಿಯ ಪುಣ್ಯ ಒದಗಿಸಿಕೊಡಬೇಕಾಗಿ ವಿನಂತಿ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ. ಬರುವಾಗ ಸಲಹೆಯ ಬದಲು ಒಂದು ಡಬ್ಬಿ ಸಾರು ತನ್ನಿ. ಮಗುವನ್ನು ಎತ್ತಿಕೊಂಡು ನನಗೆ ಎರಡು ಗಂಟೆ ನಿದ್ದೆ ಮಾಡಲು ಬಿಡಿ. "ನೀನು ಹೇಗಿದೀಯಮ್ಮಾ?" ಎಂದು ಕೇಳಿ, ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕುಳಿತಿರಿ.

ಇಂತಿ ತಮ್ಮ ವಿಧೇಯ,
ಬಾಣಂತಿ

ವಿ.ಸೂ.: ಇದರಲ್ಲಿ ತಮಾಷೆಯಿಲ್ಲ. ಬಾಣಂತಿಗೆ ಇಲ್ಲದ ದನಿ ಕೇಳಿಸುತ್ತಿದ್ದರೆ, ಸಾಯುವ ಮಾತಾಡಿದರೆ, ಮಗುವಿಗೆ ಏನಾದರೂ ಮಾಡಿಬಿಟ್ಟೇನೆಂದು ಹೆದರಿದರೆ ಮಂತ್ರಿಸಿದ ದಾರಕ್ಕಾಗಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416. ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.