ಕಾಕುಸ್ಥವರ್ಮ ಮಹಾರಾಜರಿಗೆ ಕುಪ್ಪಗಡ್ಡೆಯಿಂದ ಒಂದು ಪ್ರಗತಿ ವರದಿ

ಕದಂಬ ಕುಲತಿಲಕ, ಬನವಾಸಿ ಪುರವರಾಧೀಶ್ವರ, ಗುಪ್ತರಿಗೂ ಹೆಣ್ಣು ಕೊಟ್ಟು ಬೀಗರಾದ ಶ್ರೀ ಕಾಕುಸ್ಥವರ್ಮ ಮಹಾರಾಜರ ಸನ್ನಿಧಾನಕ್ಕೆ, ಸೊರಬ ತಾಲ್ಲೂಕು ಕುಪ್ಪಗಡ್ಡೆಯ ಪ್ರಜೆಯೊಬ್ಬ ಮಾಡುವ ಬಹಿರಂಗ ಬಿನ್ನಹ.

ಮಹಾಪ್ರಭು, ಐದನೇ ಶತಮಾನದಲ್ಲಿ ತಾವು ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಶಿವಾಲಯದ ಹತ್ತಿರ, ದೊಡ್ಡದೊಂದು ಕೆರೆ ಕಟ್ಟಿಸಿದಿರಿ. ತಮ್ಮ ಮಗ ಶಾಂತಿವರ್ಮರ ಕಾಲದಲ್ಲಿ ಕುಬ್ಜನೆಂಬ ಕವಿ ಆ ಸಂಗತಿಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದು, ತಾನೇ ಕಲ್ಲುಕಂಬದ ಮೇಲೆ ಕೆತ್ತಿದ. ಪ್ರಣವೇಶ್ವರ ದೇವಸ್ಥಾನದ ಮುಂದೆ ಆ ಕಂಬ ಈಗಲೂ ನಿಂತಿದೆ. ಎಲ್ಲ ಸರಿ. ಆದರೆ ಇಷ್ಟುದ್ದದ ಶಾಸನದಲ್ಲಿ ಮಕ್ಕಳು ಆ ನೀರನ್ನು ಎಷ್ಟು ಹೊತ್ತಿಗೆ ಕುಡಿಯಬೇಕು, ಹೇಗೆ ಖುಷಿಪಟ್ಟುಕೊಂಡು ಕುಡಿಯಬೇಕು ಎಂಬುದರ ಬಗ್ಗೆ ಚಕಾರವಿಲ್ಲ. ಬಾಯಾರಿದವರು ಬಂದು ಕುಡಿದುಕೊಳ್ಳುತ್ತಾರೆ ಎಂದು ನಂಬಿ ತಾವು ಬನವಾಸಿಗೆ ಹೊರಟುಬಿಟ್ಟಿರಿ. ಎಂಥ ಹುಂಬತನ!

ನಾವು ಬಹಳ ಮುಂದುವರಿದಿದ್ದೇವೆ ಎಂದು ತಿಳಿಸಲು ಈ ಪತ್ರ.

2019ರ ನವೆಂಬರಿನಲ್ಲಿ ಕೇರಳದವರು ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸಲು ಶುರುಮಾಡಿದರು. ಆಗ ನಮ್ಮ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಅವರಿಗೂ ಅದು ಹಿಡಿಸಿತು. ಅದೇ ತಿಂಗಳು ನಮ್ಮಲ್ಲೂ 'ವಾಟರ್ ಬೆಲ್' ಬಂತು. ಗಂಟೆ ಢಣ್ ಎಂದ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ ಬಾಟಲಿ ಎತ್ತಬೇಕು. ಉದ್ದೇಶ ಒಳ್ಳೆಯದೇ, ಸುಳ್ಳು ಹೇಳಬಾರದು. ಆಟದ ಅಮಲಿನಲ್ಲಿ ಮಕ್ಕಳಿಗೆ ಬಾಯಾರಿಕೆಯ ನೆನಪಿರುವುದಿಲ್ಲ, ಯಾರಾದರೂ ನೆನಪಿಸಬೇಕು. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ಊಟತಿಂಡಿಯಲ್ಲಿರುವ ನೀರೂ ಸೇರಿ ದಿನಕ್ಕೆ 1.6 ಲೀಟರ್ ಬೇಕು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ. ನಮ್ಮ ಗಂಟೆಯದು ಮಾತ್ರ ಜಾತಕದೋಷ. ಹುಟ್ಟಿದ್ದು ಚಳಿಗಾಲದಲ್ಲಿ. ನಾಲ್ಕು ತಿಂಗಳಿಗೆ ಕೊರೋನಾ ಬಂದು ಶಾಲೆಯ ದೊಡ್ಡ ಗಂಟೆಯೇ ನಿಂತುಹೋಯಿತು. ಇನ್ನು ಬಿಸಿಲು ನೆತ್ತಿ ಸುಡುವ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಗಂಟೆಗೂ ರಜೆ. ಆಗ ಇದೇ ಮಕ್ಕಳು ಬೆಟ್ಟ, ಬ್ಯಾಣ, ತೋಟ ಎಲ್ಲ ಸುತ್ತಿ, ಕಂಡವರ ಮನೆ ಜಗಲಿ ಹತ್ತಿ, ಯಾವ ಸುತ್ತೋಲೆಯೂ ಇಲ್ಲದೆ ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ. ಇದೊಂದು ಆಡಳಿತಾತ್ಮಕ ಒಗಟು.

ಗಂಟೆಗೆ ಜೊತೆಯಾಗಿ ಪೇಟೆಯಿಂದ ಬಾಟಲಿ ಬಂದಿದೆ. ತಮ್ಮ ಕಾಲದಲ್ಲಿ ಹಣೆಗೊಂದೇ ಕೊಂಬಿರುವ ಕುದುರೆ ಇತ್ತೋ ಇಲ್ಲವೋ, ಈಗ ಸೊರಬದ ಸಂತೆಯಲ್ಲೂ ಇದೆ. ಅದರ ಹೆಸರು ಯೂನಿಕಾರ್ನ್. ಗುಲಾಬಿ ಬಣ್ಣದ ಬಾಟಲಿಯ ಮೇಲೆ ಅದು ನಗುತ್ತ ನಿಂತಿರುತ್ತದೆ; ಪಕ್ಕದಲ್ಲಿ ಗೆರೆಗಳು: ಒಂಬತ್ತು ಗಂಟೆಗೆ ಇಲ್ಲಿವರೆಗೆ, ಹನ್ನೊಂದಕ್ಕೆ ಅಲ್ಲಿವರೆಗೆ. ಗುಂಡಿ ಒತ್ತಿದರೆ ಮುಚ್ಚಳ ಹಾರುತ್ತದೆ, ಸ್ಟ್ರಾ ಏಳುತ್ತದೆ. ನಮ್ಮ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿಗೂ ಇಂಥದ್ದೊಂದಿದೆ. ಬೆಳಿಗ್ಗೆ ತುಂಬಿಸಿಕೊಂಡು ಹೋಗುತ್ತಾಳೆ, ಸಂಜೆ ತುಂಬಿದ್ದನ್ನೇ ತರುತ್ತಾಳೆ. ಅವಳಮ್ಮ ಅದನ್ನು ದಾಸವಾಳದ ಬುಡಕ್ಕೆ ಸುರಿಯುತ್ತಾಳೆ. ದಾಸವಾಳ ಚೆನ್ನಾಗಿ ಹೂ ಬಿಡುತ್ತಿದೆ.

ಸಪ್ಪೆ ನೀರು ಮಕ್ಕಳಿಗೆ ಸೇರದು ಎಂದು ಕೆಲವರು ರುಚಿಯ ದಾರಿಯನ್ನೂ ಹಿಡಿದರು. ಓಆರ್‌ಎಸ್ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಬಣ್ಣಬಣ್ಣದ ಪೊಟ್ಟಣಗಳು ಔಷಧದಂಗಡಿಯಲ್ಲೇ ಸಿಗುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ, ಈ ಪೊಟ್ಟಣಗಳಲ್ಲಿ ಅದರ ಎಷ್ಟೋ ಪಟ್ಟು ಸಕ್ಕರೆ. ಭೇದಿಯಾದ ಮಗುವಿಗೆ ಕುಡಿಸಿದರೆ ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಗುದ್ದಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಮೂರಕ್ಷರವನ್ನು ಅಂಥ ಪೊಟ್ಟಣದ ಮೇಲೆ ಹಾಕಬಾರದು ಎಂದಿತು.

ಹಾಗೆಂದು ನಮ್ಮ ಸೀಮೆಗೆ ರುಚಿ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಮನೆಗೆ ಯಾರೇ ಬಂದರೂ ಮೊದಲ ಮಾತು 'ಆಸರಿಗೆ ಎಂತ ಬೇಕು?' ನೀರು ಬೆಲ್ಲ, ಇಂಗು ಒಗ್ಗರಣೆ ಬಿದ್ದ ಮಜ್ಜಿಗೆ, ಮುರುಗಲು ಹಣ್ಣಿನ ಪಾನಕ, ಅಪ್ಪೆಹುಳಿ. ಅಪ್ಪೆಹುಳಿಯನ್ನಂತೂ ಮಕ್ಕಳು ಲೋಟದ ತಳ ನೆಕ್ಕುವವರೆಗೆ ಬಿಡುವುದಿಲ್ಲ. ಆಲೆಮನೆಯ ಕಬ್ಬಿನಹಾಲಿಗೆ, ರಾಮನವಮಿಯ ಪಾನಕಕ್ಕೆ ಗಂಟೆ ಬಾರಿಸಿ ಕರೆದದ್ದು ನಾನಂತೂ ಕಂಡಿಲ್ಲ. 2013ರಿಂದ ಶಾಲೆಯಲ್ಲಿ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಕೊಡುತ್ತಿದ್ದಾರೆ, ಈಚೆಗೆ ರಾಗಿ ಮಾಲ್ಟ್ ಕೂಡ. ಅದಕ್ಕೂ ಮಕ್ಕಳು ಲೋಟ ಹಿಡಿದು ಸಾಲು ನಿಲ್ಲುತ್ತಾರೆ.

ಹಾಗಾದರೆ ನೀರೊಂದಕ್ಕೇ ಯಾಕೆ ಈ ಮುನಿಸು? ತಜ್ಞರ ಸಮಿತಿ ಇಲ್ಲದ್ದರಿಂದ ಬಾಟಲಿಯ ಹುಡುಗಿಯನ್ನೇ ಕೇಳಿದೆ. 'ನೀರು ಕುಡದ್ರೆ ಹೋಗ್ಬೇಕಾಗ್ತದಲ್ಲ ಮಾವ' ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಅಲ್ಲಿ ಚಿಲಕ ಇಲ್ಲ' ಎಂದು ಸೇರಿಸಿದಳು.

ಶಾಲೆಯ ಹೆಸರು ಬೇಡ ಪ್ರಭು. ಯಾವ ತಾಲ್ಲೂಕಿನ ಯಾವ ಶಾಲೆ ಎಂದರೂ ಓದುವವರು ನಂಬುತ್ತಾರೆ, ಆ ಭಾಗ್ಯ ಒಂದೇ ಶಾಲೆಗೆ ಯಾಕೆ? ಅಲ್ಲಿ ಗೋಡೆಯಿದೆ, ಗೋಡೆಯ ಮೇಲೆ ಸ್ವಚ್ಛತೆಯ ಚಿತ್ರವಿದೆ, ಮೇಲೆ ಕಪ್ಪು ಟ್ಯಾಂಕಿದೆ. ಟ್ಯಾಂಕಿನಿಂದ ಒಳಗಿನ ನಲ್ಲಿಗೆ ಬರಬೇಕಾದ ಪೈಪು ಅರ್ಧಕ್ಕೆ ನಿಂತು ಯೋಚಿಸುತ್ತಿದೆ. ಗಂಡುಮಕ್ಕಳಿಗೆ ಹಿತ್ತಿಲ ಕಡೆ ಒಂದು ಬೇಲಿಯಾದರೂ ಇದೆ. ಹೆಣ್ಣುಮಕ್ಕಳು ಬೆಳಿಗ್ಗೆ ಮನೆಯಲ್ಲಿ ಹೋಗಿ ಬಂದವರು ಸಂಜೆ ಮನೆಗೇ ಓಡುತ್ತಾರೆ. ನಡುವೆ ಆರೇಳು ಗಂಟೆ ಹನಿ ನೀರು ಮುಟ್ಟುವುದಿಲ್ಲ. ಹೀಗೆ ಕಟ್ಟಿಕೊಂಡು ಕೂತರೆ ಉರಿಮೂತ್ರ, ಮಲಬದ್ಧತೆ, ಮಧ್ಯಾಹ್ನದ ತಲೆನೋವು. ತಲೆನೋವು ಎಂದರೆ ಲೆಕ್ಕಕ್ಕೆ ಹೆದರಿ ನಾಟಕ ಎನ್ನುತ್ತಾರೆ. ಋತುಮತಿಯಾದವರಂತೂ ಆ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ. ಗಂಟೆ ಹೊಡೆದಾಗ ಆ ಹುಡುಗಿಯರೂ ಬಾಟಲಿ ಎತ್ತುತ್ತಾರೆ. ತುಟಿ ಒದ್ದೆ ಮಾಡಿಕೊಂಡು ಇಳಿಸುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ.

ಶಾಸನಗಳಿಗೇನೂ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು ಎರಡೂ ಇವೆ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟಿತು. 2014ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಒಂದು ವರ್ಷದೊಳಗೆ ಎಂದರು. ಕಟ್ಟಿದ್ದೂ ನಿಜ, ಬಹಳ ಕಟ್ಟಿದರು. ಕಟ್ಟಿದ್ದನ್ನು ತೊಳೆಯುವವರು ಯಾರು, ಅವರಿಗೆ ತಿಂಗಳ ಸಂಬಳ ಯಾವ ಲೆಕ್ಕದಿಂದ ಎಂಬ ಪ್ರಶ್ನೆ ಬಂದಾಗ ಎಲ್ಲರಿಗೂ ಒಟ್ಟಿಗೆ ಬಾಯಾರಿಕೆಯಾಯಿತು. ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಮೀಟಿಂಗಿನಲ್ಲಿ ಇದನ್ನು ಎತ್ತಿದರೆ 'ಅನುದಾನ ಬರಲಿ ನೋಡುವ' ಎನ್ನುತ್ತಾರೆ. ಗಂಟೆಗೆ ಅನುದಾನ ಬೇಡ. ಆದ್ದರಿಂದಲೇ ಅದು ಬೇಗ ಬಂತು.

ಮಹಾಪ್ರಭು, ಕುಬ್ಜ ಕವಿಗಳಿಗೆ ಬಿಡುವಿದ್ದರೆ ಇನ್ನೊಂದು ಕಂಬ ಕೆತ್ತಿಸಿಕೊಡಿ. ಹೊಗಳಿಕೆ ಬೇಡ. ಒಳಗಿನಿಂದ ಹಾಕುವ ಚಿಲಕ ಒಂದು, ಬಕೆಟ್ ಒಂದು, ಮಗ್ಗು ಒಂದು, ನಲ್ಲಿಯಲ್ಲಿ ನೀರು, ತೊಳೆಯುವವರಿಗೆ ಸಂಬಳ. ಬಕೆಟ್ಟು ಸಂಸ್ಕೃತದ ಛಂದಸ್ಸಿಗೆ ಕೂರದಿದ್ದರೆ ಕನ್ನಡದಲ್ಲೇ ಬರೆಯಲಿ. ಹಲ್ಮಿಡಿ ಕಲ್ಲಿನಲ್ಲಿ ತಮ್ಮ ಹೆಸರು ಕನ್ನಡದ ನಡುವೆಯೇ ಇದೆಯಲ್ಲ, ತಾವೇನೂ ಆಕ್ಷೇಪಿಸಿದಂತಿಲ್ಲ.

ಇಂತಿ ತಮ್ಮ ವಿಧೇಯ,
ಕುಪ್ಪಗಡ್ಡೆಯ ಒಬ್ಬ ಮಾವ

ಪ್ರತಿ: ಬಾಟಲಿ ಕಂಪನಿಯವರಿಗೆ, ಮಾಹಿತಿಗಾಗಿ. ಯೂನಿಕಾರ್ನ್ ಚಿತ್ರದ ಚಿಲಕ ಮಾರುಕಟ್ಟೆಗೆ ಬಿಟ್ಟರೆ ತಕ್ಷಣ ಎರಡು ಕೊಳ್ಳಲು ಸಿದ್ಧನಿದ್ದೇನೆ. ಬಣ್ಣ ಯಾವುದಾದರೂ ಆದೀತು, ಸ್ಕ್ರೂ ಜೊತೆಗೇ ಕಳಿಸಿ.