ಹಣ ಕೊಟ್ಟವನೇ ಗೇಣಿದಾರ

1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಗೇಣಿದಾರನನ್ನು ಹೊಲದೊಡೆಯನನ್ನಾಗಿ ಮಾಡಿತು. ಸಾಫ್ಟ್‌ವೇರ್ ಕಂಪನಿಗಳು ಅದಕ್ಕಿಂತ ಒಂದು ಕೈ ಮೇಲು. ಪೂರ್ತಿ ಹಣ ಕೊಟ್ಟು ಕೊಂಡವನನ್ನೇ ಅವು ಗೇಣಿದಾರನನ್ನಾಗಿ ಮಾಡಿವೆ. ಚಳವಳಿಯಿಲ್ಲ, ಅಧಿವೇಶನವಿಲ್ಲ, ಭೂನ್ಯಾಯ ಮಂಡಳಿಯ ರಗಳೆಯಿಲ್ಲ. 'ಐ ಅಗ್ರೀ' ಎಂಬ ಒಂದೇ ಗುಂಡಿಯಲ್ಲಿ ಕೆಲಸ ಮುಗಿಯಿತು.

ಗುಂಡಿ ಒತ್ತುವ ಮುಂಚೆ ಕರಾರು ಓದಿದ ಪುಣ್ಯಾತ್ಮರಿಗೆ ಗೊತ್ತು: ನಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್, ಗ್ರಾಹಕರು ದುಡ್ಡು ಕೊಟ್ಟು ಪಡೆದಿದ್ದ ಪುಸ್ತಕವೊಂದನ್ನು ಹೇಳದೆ ಕೇಳದೆ ಅವರ ಕಿಂಡಲ್‌ಗಳಿಂದ ಅಳಿಸಿತು. ಮಾರಿದವನಿಗೇ ಹಕ್ಕಿರಲಿಲ್ಲವಂತೆ. ಹಣ ಮರಳಿಸಿದರು, ಕ್ಷಮೆಯನ್ನೂ ಕೇಳಿದರು. ಪುಸ್ತಕ ಯಾವುದೆಂದಿರಾ? ಜಾರ್ಜ್ ಆರ್ವೆಲ್‌ನ '1984'! ಧಣಿಗಳಿಗೆ ಸಾಹಿತ್ಯಾಭಿರುಚಿ ಇಲ್ಲವೆನ್ನುವವರು ನಾಚಬೇಕು.

ಫ್ರಾನ್ಸಿನ ಯುಬಿಸಾಫ್ಟ್ 2014ರಲ್ಲಿ 'ದಿ ಕ್ರೂ' ಎಂಬ ಕಾರು ಓಟದ ಆಟ ಮಾರಿತು. 2024ರ ಮಾರ್ಚ್ 31ರಂದು ಸರ್ವರ್ ಆರಿಸಿತು. ಒಬ್ಬನೇ ಕೂತು ಆಡುವವನ ಕಾರೂ ಅಲ್ಲೇ ನಿಂತಿತು. ಆದರೂ ಡಿಸ್ಕಿನ ಒಡೆತನ ಪೂರ್ತಿ ನಿಮ್ಮದೇ. ಹಕ್ಕಿ ಬೆದರಿಸಲು ಹೊಲದಲ್ಲಿ ತೂಗುಹಾಕಿದರೆ ಯಾರೂ ಕೇಳುವುದಿಲ್ಲ.

ವಿಂಡೋಸ್ 10ರ ಧಣಿಗಳು ಇನ್ನೂ ದಯಾಳುಗಳು. 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದರೂ ಯಂತ್ರವನ್ನು ಕಿತ್ತುಕೊಳ್ಳಲಿಲ್ಲ, ಭದ್ರತಾ ಅಪ್‌ಡೇಟ್ ಎಂಬ ಬಾಗಿಲಿನ ಕಾವಲುಗಾರನನ್ನು ಮಾತ್ರ ವಾಪಸ್ ಕರೆಸಿಕೊಂಡರು. ವಿಂಡೋಸ್ 11 ಹಾಕೋಣವೆಂದರೆ, ಚೆನ್ನಾಗಿ ಓಡುತ್ತಿರುವ ಎಷ್ಟೋ ಹಳೆಯ ಕಂಪ್ಯೂಟರ್‌ಗಳು ಅದಕ್ಕೆ ಅನರ್ಹ. ಇನ್ನೊಂದು ವರ್ಷ ಕಾವಲು ಬೇಕೆ? 30 ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮ ಕ್ಲೌಡಿಗೆ ಒಪ್ಪಿಸಿ ಎಂದರು. ಯುರೋಪಿನ ಗ್ರಾಹಕ ಸಂಘಟನೆ ಜಗಳ ತೆಗೆಯಿತು. ಅಲ್ಲಿಯವರಿಗೆ ಎರಡೂ ಮಾಫಿ. ನಾವು ಸಂಭಾವಿತರು, ಜಗಳಕ್ಕೆ ಹೋಗಲಿಲ್ಲ.

ಕಾನೂನು ಸುಮ್ಮನಿದೆಯೇ? ಇಲ್ಲ. ಇದು ಪರವಾನಗಿ ಮಾತ್ರ ಎಂದು ಮಾರುವಾಗಲೇ ತಿಳಿಸಬೇಕೆಂಬ ಕಾಯ್ದೆ 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಯಲ್ಲಿದೆ. ಅಂದರೆ ಒಕ್ಕಲೆಬ್ಬಿಸಬಹುದು, ಮೊದಲೇ ಹೇಳಿರಬೇಕು ಅಷ್ಟೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿದೆ: ಸಕಾರಣವಿಲ್ಲದೆ ಒಬ್ಬರೇ ರದ್ದುಪಡಿಸಬಹುದಾದ ಕರಾರನ್ನು ಅದು ಅನುಚಿತವೆಂದು ಪರಿಗಣಿಸುತ್ತದೆ. ಆದರೆ ಅಂಥ ದೂರು ಜಿಲ್ಲಾ ಆಯೋಗದಲ್ಲಿ ನಡೆಯದು, ರಾಜ್ಯ ಆಯೋಗಕ್ಕೇ ಏರಬೇಕು. ಎರಡು ಸಾವಿರ ರೂಪಾಯಿಯ ಆಟಕ್ಕಾಗಿ ಅಷ್ಟೆತ್ತರ ಏರುವವನಿಗೆ ಆಟಕ್ಕಿಂತ ಹಟ ದೊಡ್ಡದಿರಬೇಕು.

ಸರ್ವರ್‌ಗಳನ್ನು ಆಚಂದ್ರಾರ್ಕ ಉರಿಸಿ ಎಂದು ಯಾರೂ ಕೇಳುತ್ತಿಲ್ಲ. ಹೊರಡುವಾಗ ಬೀಗದಕೈ ಕೊಟ್ಟುಹೋಗಿ ಎನ್ನುತ್ತಿದ್ದಾರೆ. ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದೇ ಬೇಡಿಕೆಯ ಮನವಿಗೆ ಸಹಿ ಹಾಕಿದರು. ಬೈಗುಳ ಬಿದ್ದ ಮೇಲೆ ಯುಬಿಸಾಫ್ಟೇ 'ದಿ ಕ್ರೂ 2' ಆಟಕ್ಕೆ ಆಫ್‌ಲೈನ್ ದಾರಿ ಘೋಷಿಸಿತು. ಮನಸ್ಸಿದ್ದರೆ ಮಾರ್ಗವಿದೆ; ಧಣಿಗಳಿಗೆ ಮನಸ್ಸು ಬರಲು ಬೈಗುಳ ಬೇಕು. ಬೈಯಲು ಸದ್ಯಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.