ನೀರಾನೆಗೆ ಕಾವಲು

ದುಡ್ಡು ಕೊಟ್ಟು ನೆಲದ ಮೇಲೆ ಮಲಗುವ ಚಪಲ ಮನುಷ್ಯನಿಗೆ ಯಾವಾಗ ಹತ್ತಿತೋ ಕಾಣೆ. ಮಂಚ, ಹಾಸಿಗೆ, ಬಾಗಿಲಿಗೊಂದು ಚಿಲಕ ಇಷ್ಟನ್ನು ಸಂಪಾದಿಸಲು ಅರ್ಧ ಆಯುಷ್ಯ ಸವೆಸಿ, ರಜೆ ಸಿಕ್ಕಿದ ಕೂಡಲೇ ಅವನ್ನೆಲ್ಲ ಬಿಟ್ಟು ಓಡುವುದು ನೌಕರಿಯವರ ಲಕ್ಷಣ. ನೈರೋಬಿಯಲ್ಲಂತೂ ಇದೊಂದು ಅಂಟುಜಾಡ್ಯ. ಶುಕ್ರವಾರ ಸಂಜೆ ಆಫೀಸಿನ ಲಿಫ್ಟಿನಲ್ಲಿ "ಈ ವಾರ ಕ್ಯಾಂಪಿಂಗ್ ಎಲ್ಲಿ?" ಎಂದು ಕೇಳಿದಾಗ ತಡವರಿಸುವವನನ್ನು ಇಲ್ಲಿ ಯಾರೂ ಪೂರಾ ಸಂಸಾರಸ್ಥನೆಂದು ಒಪ್ಪುವುದಿಲ್ಲ. ನಮ್ಮ ಯಜಮಾನರು ಬಹಳ ಕಾಲ ತಡೆದುಕೊಂಡರು. ಕೊನೆಗೊಂದು ದಿನ ಟೆಂಟು, ಹಣೆಗೆ ಕಟ್ಟಿಕೊಳ್ಳುವ ಟಾರ್ಚು, ಮಡಚುವ ಕುರ್ಚಿ, ಒಮ್ಮೆ ಮಡಚಿದರೆ ಮತ್ತೆ ಬಿಚ್ಚಿಕೊಳ್ಳದ ಇನ್ನೊಂದು ಕುರ್ಚಿ, ಎಲ್ಲವನ್ನೂ ತಂದು ಹಾಲಿನಲ್ಲಿ ಹರಡಿ ಕೂತರು.

ಆಗ ಊರಿನಿಂದ ಅತ್ತೆ ಬಂದಿದ್ದರು. ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆಯವರು. ಹರಡಿದ ಸಾಮಾನನ್ನು ಸುತ್ತು ಹಾಕಿ ನೋಡಿ, "ನೆಲದ ಮ್ಯಾಲೆ ಮನೀಕಳಾಕೆ ಅಷ್ಟು ದೂರ ಓಗ್ಬೇಕಾ? ನಮ್ ಜಗಲಿಗೆ ಏನಾಗಿತ್ತು?" ಎಂದರು. ಮಗ ಉತ್ತರ ಕೊಡಲಿಲ್ಲ. ಉತ್ತರ ಸಿಗದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಅವರ ಲೆಕ್ಕ. ರಾತ್ರಿಯೇ ತಮ್ಮ ಗಂಟು ಕಟ್ಟಿದರು: ಹಲಗೂರಿನಿಂದ ಹೊತ್ತು ತಂದಿದ್ದ ರಾಗಿಹಿಟ್ಟು, ಹುರುಳಿಕಾಳು, ಹುಣಿಸೆಹಣ್ಣು, ಮುದ್ದೆ ತೊಳಸುವ ಕೋಲು.

ನೈರೋಬಿಯಿಂದ ನೈವಾಶಾ ಸರೋವರಕ್ಕೆ ಸುಮಾರು 90 ಕಿಲೋಮೀಟರ್. ಲಿಮುರು ದಾಟಿದ ಮೇಲೆ ಭೂಮಿ ಇದ್ದಕ್ಕಿದ್ದಂತೆ ಮುಗಿದು, ಕೆಳಗೆ ರಿಫ್ಟ್ ಕಣಿವೆ ತೆರೆದುಕೊಳ್ಳುತ್ತದೆ. ದೂರದಲ್ಲಿ ಬಾಯಿ ತೆರೆದು ಕೂತ ಲೊಂಗೊನೊಟ್ ಜ್ವಾಲಾಮುಖಿ. ಎಲ್ಲರೂ ಇಳಿದು ಫೋಟೋ ತೆಗೆದುಕೊಳ್ಳುವಾಗ ಅತ್ತೆ ಕುರಿಚರ್ಮ ಮಾರುವವನ ಹತ್ತಿರ ಚೌಕಾಸಿಗೆ ನಿಂತಿದ್ದರು. ಅವನಿಗೆ ಕನ್ನಡ ಬಾರದು, ಇವರಿಗೆ ಸ್ವಾಹಿಲಿ ಬಾರದು, ಬೆಲೆ ಮಾತ್ರ ಅರ್ಧಕ್ಕಿಳಿಯಿತು. ಕೊಳ್ಳಲಿಲ್ಲ. ಘಟ್ಟದ ಬುಡದಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದ ಇಟಲಿಯ ಯುದ್ಧಕೈದಿಗಳು 1942ರಲ್ಲಿ ಕಟ್ಟಿದ ಪುಟ್ಟ ಚರ್ಚಿದೆ. ದಾರೀಲಿರೋ ದೇವರು ಯಾರಾದರೇನು ಎಂದು ಅದಕ್ಕೊಂದು ಕೈಮುಗಿದರು.

ಸರೋವರ ನೋಡಿ ನಮಗೆಲ್ಲ ಮಾತು ನಿಂತಿತು. ಅತ್ತೆ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಸುತ್ತು ನೋಡಿ ಕೇಳಿದರು: "ಈ ಕೆರೆಗೆ ಕೋಡಿ ಎಲ್ಲೈತೆ?"

ಪ್ರವಾಸಿ ಪುಸ್ತಕಗಳು ಹಕ್ಕಿಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ, ಹೀಗೆ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ನೈವಾಶಾಕ್ಕೆ ಕೋಡಿ ಇಲ್ಲ. ಮಲೇವಾ, ಗಿಲ್‌ಗಿಲ್ ನದಿಗಳು ಬಂದು ಸೇರುತ್ತವೆ, ಒಂದು ಹಳ್ಳವೂ ಹೊರಗೆ ಹರಿಯುವುದಿಲ್ಲ. ಹಾಗಿದ್ದರೆ ನೀರು ಉಪ್ಪಾಗಬೇಕಿತ್ತು. ಅಕ್ಕಪಕ್ಕದ ನಕುರು, ಎಲೆಮೆಂಟೈಟಾ ಸರೋವರಗಳು ಸೋಡಾ ನೀರಿನವೇ. ಇದೊಂದು ಮಾತ್ರ ನೆಲದೊಳಗೆ ಬಸಿದು ಹೋಗುತ್ತಾ ಸಿಹಿಯಾಗಿಯೇ ಉಳಿದಿದೆ. ಯಜಮಾನರು ಇದನ್ನೆಲ್ಲ ವಿವರಿಸಿದರು. "ಕೋಡಿ ಇಲ್ದಿರೋ ಕೆರೇನ ನಂಬಬಾರ್ದು ಕಣ್ಲಾ" ಎಂದು ಅತ್ತೆ ತೀರ್ಪು ಕೊಟ್ಟರು. ಅದು ಸರಿಯಾಗಿತ್ತು. ಕೆಲವು ವರ್ಷಗಳಿಂದ ನೀರು ಏರಿ ದಡದ ಮರಗಳನ್ನು, ಮನೆಗಳನ್ನು, ಬೇಲಿಗಳನ್ನು ನುಂಗಿದೆ. ಒಣಗಿದ ಅಕೇಶಿಯಾ ಮರಗಳು ನೀರಿನ ನಡುವೆ ನಿಂತಿದ್ದವು. ಒಂದರ ತುದಿಯಲ್ಲಿ ಬಿಳಿತಲೆಯ ಮೀನುಹದ್ದು ಕೂತು ಕೂಗುತ್ತಿತ್ತು.

ಬದುಕಿದ ಮರಗಳು ದಡದಲ್ಲಿದ್ದವು, ಹಳದಿ ತೊಗಟೆಯವು. ಹಿಂದಿನ ಕಾಲದ ಬಿಳಿಯರು ಇವುಗಳ ಕೆಳಗೆ ಬಿಡಾರ ಹೂಡಿ, ಚಳಿಜ್ವರ ಬಂದಾಗ ಮರದ ಮೇಲೆ ತಪ್ಪು ಹೊರಿಸಿ ಇವನ್ನು ಜ್ವರದ ಮರ ಎಂದು ಕರೆದರು. ನೀರಿನ ಪಕ್ಕ ಮರವೂ ಬೆಳೆಯುತ್ತದೆ, ಸೊಳ್ಳೆಯೂ ಬೆಳೆಯುತ್ತದೆ. ಸೊಳ್ಳೆಯ ಪಾತ್ರವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಪತ್ತೆ ಮಾಡಿದ ರೊನಾಲ್ಡ್ ರಾಸ್ ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ಬಂಗಲೆಯ ಬಳಿಯ ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಕಂಡುಕೊಂಡಿದ್ದ. ಅವನಿಗೆ ನೊಬೆಲ್ ಸಿಕ್ಕಿತು. ಮರದ ಹೆಸರು ಮಾತ್ರ ಇನ್ನೂ ತಿದ್ದುಪಡಿಯಾಗಿಲ್ಲ.

ಸಂಜೆಯಾದಂತೆ ಚಳಿ ಶುರುವಾಯಿತು. ಭೂಮಧ್ಯರೇಖೆಗೆ ಒಂದು ಡಿಗ್ರಿಯೂ ದೂರವಿಲ್ಲ, ಸುಟ್ಟು ಹೋಗುತ್ತೇವೆ ಎಂದು ನನ್ನ ಮಗ ಟೀ ಶರ್ಟಿನಲ್ಲೇ ಬಂದಿದ್ದ. ಆದರೆ ಈ ಸರೋವರ ಇರುವುದು ಹೆಚ್ಚೂಕಡಿಮೆ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ. ಅವನು ಅಜ್ಜಿಯ ಶಾಲು ಹೊದ್ದು ಬೆಂಕಿಯ ಪಕ್ಕ ಕೂತ.

ಬೆಂಕಿಯ ಮೇಲೆ ಅತ್ತೆಯ ಎಸರು ಕುದಿಯುತ್ತಿತ್ತು. ಕ್ಯಾಂಪಿನ ಕಾವಲುಗಾರ, ಇಲ್ಲಿಯವರು ಆಸ್ಕರಿ ಎನ್ನುವವನು, ಪಕ್ಕದಲ್ಲೇ ತನ್ನ ಉಗಾಲಿ ಮಾಡುತ್ತಿದ್ದ. ಮೆಕ್ಕೆಜೋಳದ ಹಿಟ್ಟು, ಕುದಿವ ನೀರು, ಮ್ವಿಕೊ ಎಂಬ ಚಪ್ಪಟೆ ಮರದ ಸೌಟು. ಅತ್ತೆ ಅವನ ಕೈಚಳಕವನ್ನು ಓರೆಗಣ್ಣಿನಿಂದ ನೋಡಿ, ಗಂಟಾಗುತ್ತದೆ ಎಂದು ಕನ್ನಡದಲ್ಲೇ ಎಚ್ಚರಿಸಿದರು. ಅವನು ಇವರ ಹಿಟ್ಟನ್ನು ಚಿಟಿಕೆ ತೆಗೆದು ಮೂಸಿ, "ವಿಂಬಿ!" ಎಂದು ನಕ್ಕ. ಶಾಲೆಯಲ್ಲಿ ಸ್ವಾಹಿಲಿ ಕಲಿತ ಮಗಳು ದುಭಾಷಿಯಾದಳು. ಅವನ ತಾಯಿ ಇದರ ಗಂಜಿಯನ್ನೇ ಕುಡಿಸಿ ಮಕ್ಕಳನ್ನು ಬೆಳೆಸಿದ್ದು, ಬಾಣಂತಿಯರಿಗೂ ಅದೇ.

"ನಮ್ ರಾಗಿ ಇಲ್ಲೀಗಂಟ ಬಂದೈತಾ!" ಎಂದು ಅತ್ತೆ ಹಿಗ್ಗಿದರು.

"ಅಲ್ಲವ್ವಾ, ಅದು ಹುಟ್ಟಿದ್ದೇ ಈ ಕಡೆ. ಪೂರ್ವ ಆಫ್ರಿಕಾದ ಬೆಟ್ಟಸೀಮೆಯಿಂದ ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂತು" ಎಂದರು ಯಜಮಾನರು. ಸತ್ಯವನ್ನು ಹೇಳುವುದಕ್ಕೂ ಹೊತ್ತು ಗೊತ್ತು ಇರುತ್ತದೆ. ತಾಯಿ ಕೋಲು ಹಿಡಿದು ತೊಳಸುವ ಹೊತ್ತು ಅದಲ್ಲ.

"ಭತ್ತಕ್ಕೂ ರಾಗಿಗೂ ಜಗಳ ಬಂದಾಗ ರಾಮದೇವ್ರೇ ನ್ಯಾಯ ಮಾಡಿ ರಾಗಿಗೆ ತನ್ನ ಎಸರು ಕೊಟ್ಟ ಅಂತ ಕನಕದಾಸ್ರು ಬರ್ದವ್ರೆ. ರಾಮ ಇಲ್ಲಿಗೆ ಯಾವಾಗ್ಲಾ ಬಂದಿದ್ದ?"

ಸಸ್ಯಶಾಸ್ತ್ರ ಅಲ್ಲಿಗೆ ಸೋತಿತು. ಅತ್ತೆ ಆಸ್ಕರಿಗೂ ಒಂದು ಮುದ್ದೆ, ಹುರುಳಿ ಸಾರು ಬಡಿಸಿದರು. ಅವನು ಬೆರಳಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ ಸಾರಿಗೆ ಅದ್ದಿದ. ಇಲ್ಲಿಯವರೆಗೆ ಅತ್ತೆಯ ಮುಖ ಅರಳಿತ್ತು. ಆಮೇಲೆ ಅವನು ಅಗಿಯತೊಡಗಿದ. "ಅಯ್ಯೋ ಸಿವ್ನೆ! ಅಗೀಬ್ಯಾಡ ಕಣಪ್ಪಾ, ನುಂಗು, ನುಂಗು!" ಮಗಳು ಅನುವಾದಿಸಿದಳು. ಅವನು ವಿನಯದಿಂದ ತಲೆಯಾಡಿಸಿ ಅಗಿಯುತ್ತಲೇ ಹೋದ.

ಮಲಗುವ ಮುನ್ನ ಅವನು ನಿಯಮ ಹೇಳಿದ. ಕತ್ತಲಾದ ಮೇಲೆ ನೀರಾನೆಗಳು ಮೇಯಲು ಮೇಲೆ ಬರುತ್ತವೆ. ಬೇಲಿಯ ತಂತಿಗೆ ಕರೆಂಟಿದೆ, ದಾಟಬೇಡಿ. ನೀರಾನೆಗೆ ಟಾರ್ಚು ಬಿಡಬೇಡಿ. ಅತ್ತೆ ನೀರಾನೆಯನ್ನು ಮೈಸೂರು ಝೂನಲ್ಲಿ ನೋಡಿದ್ದರು. ಅಲ್ಲಿ ಅದನ್ನು ಕೂಡಿದ್ದರು, ಇಲ್ಲಿ ನಮ್ಮನ್ನು ಕೂಡಿದ್ದಾರೆ ಎಂದು ಗೊಣಗಿ ಮಲಗಿದರು.

ನಡುರಾತ್ರಿ ಆ ಸದ್ದು ಬಂತು. ಮೊದಲು ಹೂಂ ಹೂಂ ಎಂಬ ಹೊಟ್ಟೆಯಾಳದ ನಗು. ಆಮೇಲೆ ಪರ್ರ್, ಪರ್ರ್ ಎಂದು ಹುಲ್ಲು ಕೀಳುವ ಸದ್ದು, ತೀರಾ ಹತ್ತಿರ. ಹಗಲಿಡೀ ನೀರಲ್ಲಿ ಮುಳುಗಿದ್ದು, ರಾತ್ರಿ ಸುಮಾರು 40 ಕಿಲೋ ಹುಲ್ಲು ಮೇಯುವ ಪ್ರಾಣಿ. ಒಂದೂವರೆ ಟನ್ ತೂಕ, ಓಡಿದರೆ ಗಂಟೆಗೆ 30 ಕಿಲೋಮೀಟರ್. ಈ ಅಂಕಿಗಳನ್ನು ಸಂಜೆ ನಮಗೆ ಓದಿ ಹೇಳಿದ್ದ ಯಜಮಾನರು ಈಗ ಸ್ಲೀಪಿಂಗ್ ಬ್ಯಾಗಿನ ಜಿಪ್ಪನ್ನು ಮೂಗಿನವರೆಗೆ ಎಳೆದುಕೊಂಡು "ಯಾರೂ ಅಲ್ಲಾಡಬೇಡಿ" ಎಂದು ಪಿಸುಗುಟ್ಟಿದರು.

ಅತ್ತೆಯ ಜಾಗ ಖಾಲಿಯಿತ್ತು.

ಮುತ್ತತ್ತಿ ಕಾಡಿನಿಂದ ಆನೆ ಇಳಿದು ರಾಗಿ ಹೊಲಕ್ಕೆ ನುಗ್ಗುವ ಊರಿನವರು ಅವರು. ಇಂಥ ಸದ್ದಿಗೆ ಮುಸುಕೆಳೆದು ಮಲಗುವ ಪಾಠ ಅವರಿಗಾಗಿಲ್ಲ. ಟೆಂಟಿನ ಕಿಂಡಿಯಿಂದ ನೋಡಿದರೆ, ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ ಮುದ್ದೆ ಕೋಲು. ಬಡಿಯಲು ಎತ್ತಿದ ಕೈಯನ್ನು ಆಸ್ಕರಿ ಮೆಲ್ಲಗೆ ಹಿಡಿದು, ತುಟಿಗೆ ಬೆರಳಿಟ್ಟ. ಬೇಲಿಯಾಚೆ ಕಪ್ಪನೆಯ ಬೆನ್ನೊಂದು ತನ್ನ ಪಾಡಿಗೆ ಮೇಯುತ್ತಿತ್ತು. ಇಬ್ಬರೂ ಕೆಂಡದ ಪಕ್ಕ ಕೂತರು. ಮಗಳೂ ನುಸುಳಿ ಹೋಗಿ ಸೇರಿಕೊಂಡಳು. ಬೆಳಿಗ್ಗೆ ಅವಳಿಂದ ತಿಳಿದದ್ದು: ಅವನ ಊರಲ್ಲೂ ಆನೆ ಬಂದು ಮೆಕ್ಕೆಜೋಳ ತುಳಿಯುತ್ತದೆ. ಅಲ್ಲೂ ತಗಡು ಬಡಿಯುತ್ತಾರೆ, ಬೆಂಕಿ ಹಾಕುತ್ತಾರೆ. ಸರ್ಕಾರ ಪರಿಹಾರ ಕೊಡುತ್ತದಾ ಎಂದು ಅಜ್ಜಿ ಕೇಳಿದ್ದಕ್ಕೆ ಅವನು ಬಹಳ ಹೊತ್ತು ನಕ್ಕನಂತೆ. ಅದನ್ನು ಮಾತ್ರ ಅನುವಾದಿಸಬೇಕಾಗಲಿಲ್ಲ.

ಮರುದಿನ ಅಪ್ಪ, ಮಕ್ಕಳು ಪಕ್ಕದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನಕ್ಕೆ ಬಾಡಿಗೆ ಸೈಕಲ್ ಹತ್ತಿ ಹೋದರು. ಜೀಬ್ರಾ, ಜಿರಾಫೆಗಳ ನಡುವೆ ಸೈಕಲ್ ತುಳಿಯಲು ಬಿಡುವ ಜಾಗ ಕೀನ್ಯಾದಲ್ಲೂ ಅಪರೂಪ. ಅಲ್ಲೇ ಒಲ್ಕಾರಿಯಾದಲ್ಲಿ 1981ರಿಂದ ನೆಲದ ಹಬೆಯಲ್ಲಿ ಕರೆಂಟು ಮಾಡುತ್ತಾರೆ. ನಾನೂ ಅತ್ತೆಯೂ ದಡದ ರಸ್ತೆಯಲ್ಲಿ ಅಡ್ಡಾಡಿದೆವು. ಉದ್ದಕ್ಕೂ ಪ್ಲಾಸ್ಟಿಕ್ ಹೊದಿಕೆಯ ಗುಲಾಬಿ ತೋಟಗಳು. ಒಂದು ಕಾಲಕ್ಕೆ ಇವುಗಳಲ್ಲೊಂದು ದೊಡ್ಡ ತೋಟ ಬೆಂಗಳೂರಿನ ಕಂಪನಿಯದ್ದಾಗಿತ್ತು. ಹೂವೆಲ್ಲ ವಿಮಾನ ಹತ್ತಿ ಯುರೋಪಿಗೆ ಹೋಗುತ್ತವೆ ಎಂದೆ. "ಅಷ್ಟು ಹೂವಿದ್ರೂ ಒಬ್ಬಳ ತಲೇಲೂ ಒಂದಿಲ್ವಲ್ಲ" ಎಂದು ಅತ್ತೆಗೆ ವ್ಯಥೆಯಾಯಿತು. ನಾವು ಮರಳುವಷ್ಟರಲ್ಲಿ ಕೋತಿಗಳು ನಮ್ಮ ಬ್ರೆಡ್ಡನ್ನು ಮುಗಿಸಿ, ಹುರುಳಿಕಾಳಿನ ಚೀಲವನ್ನು ಬಿಚ್ಚಿ ನೋಡಿ ಬಿಟ್ಟುಹೋಗಿದ್ದವು.

ನೈವಾಶಾಕ್ಕೆ ಹೋಗುವವರಿದ್ದರೆ ಕೇಳಿ. ಟೆಂಟು ಅಲ್ಲೇ ಬಾಡಿಗೆಗೆ ಸಿಗುತ್ತದೆ, ಕೊಳ್ಳಬೇಡಿ. ಸ್ವೆಟರು ಮರೆಯಬೇಡಿ. ರಾತ್ರಿ ನೀರಾನೆ ಬಂದರೆ ತಟ್ಟೆ ಬಡಿಯಬೇಡಿ, ಅದಕ್ಕೂ ನೀರಿಗೂ ನಡುವೆ ಯಾವತ್ತೂ ನಿಲ್ಲಬೇಡಿ. ರಾಗಿಹಿಟ್ಟನ್ನು ಊರಿನಿಂದ ಹೊರಬೇಕಾಗಿಲ್ಲ. ವಿಂಬಿ ಎಂದು ಕೇಳಿದರೆ ಅಂಗಡಿಯವರೇ ತೆಗೆದು ಕೊಡುತ್ತಾರೆ.